ಬೋಜ್ಯಾಕ್ ಹಾರ್ಸ್‌ಮನ್ ನೋಡುವುದು ಹೇಗೆ: ಅರ್ಧಕ್ಕೆ ಬಿಟ್ಟವರಿಗೂ ಈಗ ಶುರುಮಾಡುವವರಿಗೂ

‘ಎಲ್ಲರೂ ಹೊಗಳುತ್ತಾರೆ, ನಾನು ನಾಲ್ಕು ಕಂತು ನೋಡಿ ಬಿಟ್ಟೆ. ಕುಡುಕ ಕುದುರೆಯೊಂದು ಸಿಕ್ಕಸಿಕ್ಕವರಿಗೆಲ್ಲ ಬೈಯುತ್ತಾ ಓಡಾಡುವುದರಲ್ಲಿ ಅಂಥದ್ದೇನಿದೆ?’ ಬೋಜ್ಯಾಕ್ ಹಾರ್ಸ್‌ಮನ್ ಎಂಬ ಅಮೆರಿಕದ, ದೊಡ್ಡವರ ಕಾರ್ಟೂನ್ ಧಾರಾವಾಹಿಯ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಶ್ನೆಯೂ ಬರುತ್ತದೆ: ‘ಒಂದೇ ಏಟಿಗೆ ಮೂರು ಸೀಸನ್ ಮುಗಿಸಿದೆ, ಈಗ ಯಾವುದರಲ್ಲೂ ಮನಸ್ಸಿಲ್ಲ. ಮುಂದುವರಿಸಲೋ ಬೇಡವೋ?’ ಎರಡು ತೊಂದರೆಗೂ ಮೂಲ ಒಂದೇ, ನೋಡುವ ಕ್ರಮ. ಮೊದಲನೆಯವರು ಕಥೆ ಕುದುರುವ ಮುಂಚೆಯೇ ಎದ್ದುಬಿಟ್ಟರು. ಎರಡನೆಯವರು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ.

ನಗಿಸುತ್ತಲೇ ಎದೆ ಭಾರ ಮಾಡುವ ಇಂಥ ಧಾರಾವಾಹಿಗಳನ್ನು ಡ್ರಾಮೆಡಿ ಎನ್ನುತ್ತಾರೆ. ಇದನ್ನು ಸೃಷ್ಟಿಸಿದವರು ರಾಫೆಲ್ ಬಾಬ್-ವಾಕ್ಸ್‌ಬರ್ಗ್, ಪಾತ್ರಗಳಿಗೆ ರೂಪ ಕೊಟ್ಟವರು ಲಿಸಾ ಹ್ಯಾನವಾಲ್ಟ್. 2014ರ ಆಗಸ್ಟ್ 22ರಂದು ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾಗಿ 2020ರ ಜನವರಿ 31ಕ್ಕೆ ಮುಗಿಯಿತು. ಕೆಳಗಿನ ಹಂತಗಳಲ್ಲಿ ಕಥೆಯ ದೊಡ್ಡ ತಿರುವುಗಳನ್ನು ಬಿಟ್ಟುಕೊಟ್ಟಿಲ್ಲ. ಎಲ್ಲಿ ಎಚ್ಚರ ಬೇಕು ಎನ್ನುವಷ್ಟು ಮಾತ್ರ ಹೇಳಿದೆ.

ಹಂತ 1: ಏನೇನು ಬೇಕು

ನೆಟ್‌ಫ್ಲಿಕ್ಸ್ ಚಂದಾ, ದೊಡ್ಡವರ ಪ್ರೊಫೈಲ್, ಸುಮಾರು 32 ಗಂಟೆ ಹೊತ್ತು. ಲೆಕ್ಕ ಹೀಗೆ: ಮೊದಲ ಐದು ಸೀಸನ್‌ಗಳಲ್ಲಿ ತಲಾ 12 ಕಂತು, ಆರನೆಯದರಲ್ಲಿ 16, ಜೊತೆಗೆ ಒಂದು ಕ್ರಿಸ್‌ಮಸ್ ವಿಶೇಷ ಕಂತು. ಒಟ್ಟು 77, ಒಂದೊಂದೂ 25 ನಿಮಿಷದ ಆಸುಪಾಸು. ಒಂದು ಸಣ್ಣ ನೋಟ್‌ಬುಕ್ಕೂ ಇರಲಿ. ಯಾಕೆ ಎಂಬುದು 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಕಾರ್ಟೂನು, ಪ್ರಾಣಿಗಳು ಎಂದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಕುಡಿತ, ಮಾದಕ ವಸ್ತು, ಲೈಂಗಿಕ ವಿಷಯ, ಆತ್ಮಹತ್ಯೆ ಎಲ್ಲವೂ ಇದರಲ್ಲಿವೆ. ಟಿವಿ ಹಾಲ್‌ನಲ್ಲಿದ್ದರೆ ಮಕ್ಕಳು ಮಲಗಿದ ಮೇಲೆ ಹಾಕಿ.

ಹಂತ 2: ಮೊದಲು ಸೆಟ್ಟಿಂಗ್ ಸರಿಮಾಡಿ

ಬ್ರೌಸರ್‌ನಲ್ಲಿ ನೆಟ್‌ಫ್ಲಿಕ್ಸ್ ಖಾತೆ ತೆರೆದು, ನಿಮ್ಮ ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ, ಮುಂದಿನ ಕಂತು ತಾನಾಗಿ ಶುರುವಾಗುವ ಆಟೋಪ್ಲೇ ಆಯ್ಕೆಯ ಟಿಕ್ ತೆಗೆದುಬಿಡಿ. ಬೇರೆ ಧಾರಾವಾಹಿಗೆ ಇದು ಬೇಕಿಲ್ಲ, ಇಲ್ಲಿ ಬೇಕೇಬೇಕು. ಕಂತು ಮುಗಿದ ಮೇಲಿನ ಒಂದು ನಿಮಿಷವೂ ಕಥೆಯ ಪಾಲು. ಕೆಲವು ಕಡೆ ಮಾಮೂಲಿ ಮುಕ್ತಾಯದ ಹಾಡನ್ನೇ ತೆಗೆದು ಬೇರೇನೋ ಕೇಳಿಸುತ್ತಾರೆ. ಕೊನೆಯ ಸೀಸನ್‌ನ 15ನೇ ಕಂತಿನಲ್ಲಂತೂ ಹೆಸರುಗಳು ಉರುಳುವಾಗ ಬರುವ ಸದ್ದನ್ನು ಕೇಳದೆ ಎದ್ದರೆ ಕಂತು ಪೂರ್ತಿ ನೋಡಿದಂತೆಯೇ ಅಲ್ಲ. ಆಟೋಪ್ಲೇ ತೆಗೆದ ಮೇಲೂ ಪರದೆ ಚಿಕ್ಕದಾದರೆ ‘ವಾಚ್ ಕ್ರೆಡಿಟ್ಸ್’ ಒತ್ತಿ.

‘ಸ್ಕಿಪ್ ಇಂಟ್ರೊ’ ಗುಂಡಿಯನ್ನೂ ಮುಟ್ಟಬೇಡಿ. ಬೋಜ್ಯಾಕ್ ಹಾಸಿಗೆಯಿಂದೆದ್ದು, ಶೂನ್ಯವಾಗಿ ನೋಡುತ್ತಾ, ಕೊನೆಗೆ ತನ್ನ ಮನೆಯ ಈಜುಕೊಳಕ್ಕೆ ಬೀಳುವ ಆ ಶೀರ್ಷಿಕೆ ದೃಶ್ಯದ ಹಿನ್ನೆಲೆ ಬದಲಾಗುತ್ತಲೇ ಇರುತ್ತದೆ. ಆ ಸೀಸನ್‌ನಲ್ಲಿ ಅವನ ಮನೆಯಲ್ಲಿ ಯಾರಿದ್ದಾರೆ, ಅವನು ಯಾವ ಸೆಟ್‌ನಲ್ಲಿ ಕೆಲಸ ಮಾಡುತ್ತಿದ್ದಾನೆ ಎಂಬುದಕ್ಕೆ ತಕ್ಕಂತೆ ಬದಲಾವಣೆ. ಅವನ ಮುಖಭಾವ ಮಾತ್ರ ಹಾಗೇ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಕೂಡ. ಮಾತಿನ ವೇಗ ಹೆಚ್ಚು. ಪ್ರಿನ್ಸೆಸ್ ಕ್ಯಾರೊಲಿನ್ ಪಾತ್ರಕ್ಕೆ ಬರೆದ ಪ್ರಾಸದ ಮಾತುಗಳನ್ನು ಬರೀ ಕಿವಿಯಲ್ಲಿ ಹಿಡಿಯುವುದು ಕಷ್ಟ. ಹಿಂದಿನ ಗೋಡೆ, ಫಲಕ, ಟಿವಿ ಪರದೆಗಳ ಮೇಲೂ ತಮಾಷೆ ಬರೆದಿರುತ್ತಾರೆ. ಮೊಬೈಲ್‌ಗಿಂತ ದೊಡ್ಡ ಪರದೆಯಲ್ಲಿ ನೋಡಿದರೆ ಅರ್ಧ ನಗು ಹೆಚ್ಚಿಗೆ ಸಿಗುತ್ತದೆ.

ಹಂತ 3: ಐದು ಜನ, ನಾಲ್ಕು ಪದ

ಮನುಷ್ಯರೂ ಮನುಷ್ಯರಂತೆ ನಡೆದಾಡುವ ಪ್ರಾಣಿಗಳೂ ಒಟ್ಟಿಗೆ ಬದುಕುವ ಲಾಸ್ ಏಂಜಲೀಸ್ ಇದು. ಯಾಕೆ ಹೀಗೆ ಎಂದು ಯಾರೂ ವಿವರಿಸುವುದಿಲ್ಲ, ನೀವೂ ಕೇಳಬೇಡಿ.

ಬೋಜ್ಯಾಕ್‌ಗೆ (ಧ್ವನಿ ವಿಲ್ ಆರ್ನೆಟ್) ಐವತ್ತು ದಾಟಿದೆ. 1987ರಿಂದ 1996ರವರೆಗೆ ‘ಹಾರ್ಸಿನ್ ಅರೌಂಡ್’ ಎಂಬ ಟಿವಿ ಧಾರಾವಾಹಿಯಲ್ಲಿ ಮೂವರು ಅನಾಥ ಮಕ್ಕಳನ್ನು ಸಾಕುವ ಕುದುರೆಯಾಗಿ ಮನೆಮಾತಾಗಿದ್ದವನು. ಆಮೇಲೆ ದುಡ್ಡಿದೆ, ಬೆಟ್ಟದ ಮೇಲೆ ಮನೆಯಿದೆ, ಕೆಲಸವಿಲ್ಲ. ಡಯಾನ್ ನುಯೆನ್ (ಅಲಿಸನ್ ಬ್ರೀ) ಅವನ ಆತ್ಮಕಥೆ ಬರೆದುಕೊಡಲು ಬಂದ ಲೇಖಕಿ. ಪ್ರಿನ್ಸೆಸ್ ಕ್ಯಾರೊಲಿನ್ (ಏಮಿ ಸೆಡಾರಿಸ್) ಗುಲಾಬಿ ಬಣ್ಣದ ಬೆಕ್ಕು, ಅವನ ಏಜೆಂಟ್, ಹಳೆಯ ಗೆಳತಿ. ಟಾಡ್ (ಆರನ್ ಪಾಲ್) ಅವನ ಸೋಫಾದ ಮೇಲೆ ಮಲಗುವ ಹುಡುಗ. ಮಿಸ್ಟರ್ ಪೀನಟ್‌ಬಟರ್ (ಪಾಲ್ ಎಫ್. ಟಾಂಪ್ಕಿನ್ಸ್) ಸದಾ ಖುಷಿಯ ಲ್ಯಾಬ್ರಡಾರ್, ಅಂಥದ್ದೇ ಇನ್ನೊಂದು ಧಾರಾವಾಹಿಯ ಹಳೇ ತಾರೆ.

ಪದಗಳಿಗೆ ಬಂದರೆ, ಸಿಟ್‌ಕಾಮ್ ಎಂದರೆ ಒಂದೇ ಮನೆ ಅಥವಾ ಕಚೇರಿಯಲ್ಲಿ ನಡೆಯುವ, ಅರ್ಧ ಗಂಟೆಯಲ್ಲಿ ಸಮಸ್ಯೆ ಹುಟ್ಟಿ ಬಗೆಹರಿದು ಎಲ್ಲರೂ ತಬ್ಬಿಕೊಳ್ಳುವ ಹಾಸ್ಯ ಧಾರಾವಾಹಿ. ಘೋಸ್ಟ್‌ರೈಟರ್ ಎಂದರೆ ಬೇರೆಯವರ ಹೆಸರಿನಲ್ಲಿ ಪುಸ್ತಕ ಬರೆದುಕೊಡುವವರು. ಬಯೋಪಿಕ್, ನಿಜವಾಗಿ ಬಾಳಿದವರ ಜೀವನ ಆಧರಿಸಿದ ಸಿನಿಮಾ. ರೀಹ್ಯಾಬ್, ಕುಡಿತ ಮತ್ತು ಮಾದಕ ವಸ್ತುಗಳ ಚಟ ಬಿಡಿಸುವ ವಸತಿ ಕೇಂದ್ರ. ಸೆಕ್ರೆಟೇರಿಯೆಟ್ ಎಂಬ ಹೆಸರು ಪದೇಪದೇ ಬರುತ್ತದೆ. ಅದು 1973ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್ (ಒಂದೇ ವರ್ಷದ ಮೂರು ದೊಡ್ಡ ಕುದುರೆ ರೇಸ್‌ಗಳು) ಗೆದ್ದ ನಿಜವಾದ ರೇಸ್ ಕುದುರೆಯ ಹೆಸರು. ಇಲ್ಲಿ ಅವನು ಓಟಗಾರ, ಬೋಜ್ಯಾಕ್‌ನ ಬಾಲ್ಯದ ಆರಾಧ್ಯ. ಹಾಲಿವುಡ್ ಬದಲು ‘ಹಾಲಿವೂ’ ಅಂತ ಕೇಳಿಸಿದರೆ ಸಬ್‌ಟೈಟಲ್ ತಪ್ಪಿದೆ ಎಂದುಕೊಳ್ಳಬೇಡಿ, ಮೊದಲ ಸೀಸನ್‌ನ 6ನೇ ಕಂತಿನಲ್ಲಿ ಕಾರಣ ಇದೆ.

ಹಂತ 4: ಮೊದಲ ಆರು ಕಂತು ದಾಟಿ

ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಬಿಡುವುದು ಇಲ್ಲೇ. 2014ರಲ್ಲಿ ವಿಮರ್ಶಕರಿಗೂ ಮುಂಚಿತವಾಗಿ ಸಿಕ್ಕಿದ್ದು ಮೊದಲ ಆರು ಕಂತು ಮಾತ್ರ. ಅದನ್ನಷ್ಟೇ ನೋಡಿದ ಅನೇಕರು ಸಾಧಾರಣ ಎಂದು ಬರೆದರು. ಅವರು ಪೂರ್ತಿ ತಪ್ಪೂ ಅಲ್ಲ. ಈ ಕಂತುಗಳು ಬೇಕೆಂದೇ ಮಾಮೂಲಿ ದೊಡ್ಡವರ ಕಾರ್ಟೂನಿನ ವೇಷ ಹಾಕಿಕೊಂಡಿವೆ: ಗಟ್ಟಿ ತಮಾಷೆ, ದುಷ್ಟ ನಾಯಕ, ಕಂತಿಗೊಂದು ಎಡವಟ್ಟು.

ವ್ಯತ್ಯಾಸ ಎಲ್ಲಿದೆ ಎಂದರೆ, ಮಾಮೂಲಿ ಕಾರ್ಟೂನಿನಲ್ಲಿ ಎಡವಟ್ಟು ಮುಂದಿನ ಕಂತಿಗೆ ಮರೆತುಹೋಗುತ್ತದೆ. ಇಲ್ಲಿ ಮರೆಯುವುದಿಲ್ಲ. ಒಡೆದ ಸಾಮಾನು ಒಡೆದೇ ಇರುತ್ತದೆ, ಆಡಿದ ಮಾತು ಎರಡು ಸೀಸನ್ ಕಳೆದ ಮೇಲೂ ವಾಪಸ್ಸು ಬರುತ್ತದೆ. ಹಾಗಾಗಿ ಈ ಆರನ್ನು ಬಿಟ್ಟು ನೇರ ‘ಒಳ್ಳೇ ಕಂತು’ಗಳಿಗೆ ಹಾರಬೇಡಿ. ತಮಾಷೆ ಎಂದು ನಕ್ಕ 3ನೇ ಕಂತಿನ ಸಾರಾ ಲಿನ್ (‘ಹಾರ್ಸಿನ್ ಅರೌಂಡ್’ನ ಬಾಲನಟಿ, ಈಗ ಬೆಳೆದ ಪಾಪ್ ತಾರೆ) ಮುಂದೆ ಇಡೀ ಕಥೆಯ ನಡುಗಂಬವಾಗುತ್ತಾಳೆ. ಅವಳನ್ನು ಇಲ್ಲಿ ನೋಡದವರಿಗೆ 3ನೇ ಸೀಸನ್ ತಟ್ಟುವುದಿಲ್ಲ.

ಈ ಆರನ್ನು ಮೂರು ದಿನದಲ್ಲಿ, ದಿನಕ್ಕೆ ಎರಡರಂತೆ, ಊಟದ ಹೊತ್ತಿನಲ್ಲಿ ಹಗುರವಾಗಿ ನೋಡಿ ಮುಗಿಸಿ. 7ನೇ ಕಂತು ಪ್ರಿನ್ಸೆಸ್ ಕ್ಯಾರೊಲಿನ್‌ಳದು, 8ನೆಯದು ‘ದ ಟೆಲಿಸ್ಕೋಪ್’. ಹಳೆಯ ಗೆಳೆಯ ಹರ್ಬ್ ಕಜ್ಜಾಜ್‌ನ ಕ್ಷಮೆ ಕೇಳಲು ಬೋಜ್ಯಾಕ್ ಹೋಗುವ ಕಂತು ಅದು. ಅದೂ ಹಿಡಿಸದಿದ್ದರೆ ಧಾರಾವಾಹಿ ನಿಮ್ಮದಲ್ಲ, ಸಂಕೋಚವಿಲ್ಲದೆ ಬಿಡಿ.

ಮೊದಲ ಸೀಸನ್ ಮುಗಿದ ಮೇಲೆ, ಎರಡನೆಯದಕ್ಕೆ ಹೋಗುವ ಮುಂಚೆ, ಕ್ರಿಸ್‌ಮಸ್ ವಿಶೇಷ ಕಂತು ನೋಡಿ. 2014ರ ಡಿಸೆಂಬರ್‌ನಲ್ಲಿ ಬಂದದ್ದು. ಕಂತುಗಳ ಪಟ್ಟಿಯಲ್ಲಿ ಕಾಣದಿದ್ದರೆ ಹೆಸರು ಹಾಕಿ ಬೇರೆಯಾಗಿ ಹುಡುಕಿ. ಬೋಜ್ಯಾಕ್ ಮತ್ತು ಟಾಡ್ ಕೂತು ‘ಹಾರ್ಸಿನ್ ಅರೌಂಡ್’ನ ಹಳೇ ಕಂತೊಂದನ್ನು ನೋಡುತ್ತಾರೆ, ಇಷ್ಟೇ ಕಥೆ. ಆದರೆ ಬೋಜ್ಯಾಕ್ ಜೀವನದಿಂದ ಏನನ್ನು ನಿರೀಕ್ಷಿಸುತ್ತಾನೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕೀಲಿಕೈ ಇಲ್ಲ. ಒಂದು ಕ್ಷಮೆ ಕೇಳಿ ತಬ್ಬಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಅವನು ಕಲಿತದ್ದು ಆ ಸೆಟ್‌ನಲ್ಲಿ.

ಹಂತ 5: ನೋಟ್‌ಬುಕ್ಕಿನಲ್ಲಿ ಮೂರು ಕಾಲಂ

ಇದು ಮುಖ್ಯ ಹಂತ, ಇಲ್ಲಿ ಸ್ವಲ್ಪ ನಿಧಾನಿಸೋಣ. ಬೋಜ್ಯಾಕ್ ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವವನು. ಹೇಗೆ, ಯಾವಾಗ ಎಳೆದುಕೊಳ್ಳುತ್ತಾನೆ ಎಂಬುದಕ್ಕೆ ಒಂದು ಕ್ರಮವಿದೆ, ಅದು ಬರೆದುಕೊಂಡರೆ ಬೇಗ ಕಾಣುತ್ತದೆ. ಕಂತು ಮುಗಿದ ಕೂಡಲೇ ಮೂರೇ ಸಾಲು ಬರೆಯಿರಿ:

— ಅವನಿಗೆ ಏನು ಸಿಕ್ಕಿತು, ಅಥವಾ ಏನು ಸಿಗುವುದರಲ್ಲಿತ್ತು?
— ಆಗ ಅವನು ಏನು ಮಾಡಿದ?
— ಅದರ ಬೆಲೆ ಯಾರು ತೆತ್ತರು?

ಮೊದಲ ಸೀಸನ್‌ನ 4ನೇ ಕಂತಿನಿಂದ ಒಂದು ಮಾದರಿ. ಟಾಡ್ ರಾಕ್ ಆಪೆರಾ (ಹಾಡುಗಳಲ್ಲೇ ಕಥೆ ಹೇಳುವ ರಂಗಪ್ರಯೋಗ) ಬರೆಯುತ್ತಿದ್ದಾನೆ. ಅದು ಗೆದ್ದರೆ ಟಾಡ್ ಮನೆ ಬಿಟ್ಟು ಹೋಗುತ್ತಾನೆ. ಮೊದಲ ಕಾಲಂ: ಗೆಳೆಯನೊಬ್ಬ ಮನೆಯಲ್ಲೇ ಇದ್ದಾನೆ, ಈಗ ಕೈತಪ್ಪಬಹುದು. ಎರಡನೆಯದು: ಟಾಡ್ ಹಿಂದೆ ಯಾವ ವಿಡಿಯೊ ಗೇಮ್‌ನ ಚಟಕ್ಕೆ ಬಿದ್ದು ಹಾಳಾಗಿದ್ದನೋ ಅದನ್ನೇ ಬೋಜ್ಯಾಕ್ ಉಪಾಯ ಮಾಡಿ ಅವನ ಕೈಗೆ ಸಿಗುವಂತೆ ಮಾಡುತ್ತಾನೆ. ಮೂರನೆಯದು: ಟಾಡ್.

ಗಮನಿಸಿ, ಬೋಜ್ಯಾಕ್ ಸೋತಾಗ ಹಾಳುಮಾಡುವುದಿಲ್ಲ. ಒಳ್ಳೆಯದೊಂದು ಹತ್ತಿರ ಬಂದಾಗ ಹಾಳುಮಾಡುತ್ತಾನೆ. ಎರಡನೇ ಸೀಸನ್‌ನಲ್ಲಿ ಕನಸಿನ ಪಾತ್ರವೇ ಸಿಕ್ಕಿದೆ, ಚಿತ್ರೀಕರಣದ ನಡುವೆ ಎದ್ದು ನ್ಯೂ ಮೆಕ್ಸಿಕೊಗೆ ಕಾರು ಓಡಿಸುತ್ತಾನೆ. ಆರನೇ ಸೀಸನ್‌ನ 12ನೇ ಕಂತಿನಲ್ಲಿ ಎರಡು ಟಿವಿ ಸಂದರ್ಶನಗಳಿವೆ. ಮೊದಲನೆಯದು ಚೆನ್ನಾಗಿಯೇ ಆದ ಮೇಲೆ ಎರಡನೆಯದಕ್ಕೆ ಯಾಕೆ ಒಪ್ಪುತ್ತಾನೆ? ಅಲ್ಲಿಗೆ ಬರುವಷ್ಟರಲ್ಲಿ ನಿಮ್ಮ ನೋಟ್‌ಬುಕ್ಕೇ ಉತ್ತರ ಹೇಳುತ್ತದೆ.

ಮೂರನೇ ಕಾಲಂ ಬಿಡಬೇಡಿ. ಹೆಚ್ಚಿನವರು ಎಡವುವುದು ಅಲ್ಲಿ. ವಿಲ್ ಆರ್ನೆಟ್‌ರ ದನಿಯಲ್ಲಿ ಎಂಥ ನೋವಿದೆ ಎಂದರೆ, ನೋಡುತ್ತಾ ನೋಡುತ್ತಾ ನಾವು ಅವನ ಪಕ್ಷ ವಹಿಸಿಬಿಡುತ್ತೇವೆ. ನಾಲ್ಕನೇ ಸೀಸನ್‌ನಲ್ಲಿ ಅವನ ತಾಯಿ ಬಿಯಾಟ್ರಿಸ್‌ಳ ಬಾಲ್ಯ ತೆರೆದುಕೊಂಡ ಮೇಲಂತೂ ‘ಪಾಪ, ಅವನೇನು ಮಾಡಿಯಾನು’ ಎನಿಸುತ್ತದೆ. ಅವನು ಹೀಗಾದದ್ದಕ್ಕೆ ಕಾರಣವನ್ನು ಧಾರಾವಾಹಿ ಪೂರ್ತಿ ಕೊಡುತ್ತದೆ, ಮಾಫಿ ಮಾತ್ರ ಕೊಡುವುದಿಲ್ಲ. ಮೂರನೇ ಸೀಸನ್‌ನ 10ನೇ ಕಂತಿನಲ್ಲಿ ಟಾಡ್ ಇದನ್ನು ಮುಖಕ್ಕೆ ಹೊಡೆದಂತೆ ಹೇಳುತ್ತಾನೆ: ಕೆಟ್ಟದ್ದು ಮಾಡಿ ಆಮೇಲೆ ಕೊರಗಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಅವನ ಕೊರಗನ್ನು ನೋಡಿ ಕರಗುತ್ತಿದ್ದ ನಮಗೂ ಆ ಏಟು ಬೀಳಲಿ ಎಂದೇ ಬರೆದ ದೃಶ್ಯ ಅದು.

ಒಂದು ಕಿವಿಮಾತು: ಇಂಗ್ಲಿಷಿನ ಅತಿ ಪರಿಚಿತ ಆ ಒಂದು ಬೈಗುಳವನ್ನು ಬರಹಗಾರರು ಸೀಸನ್‌ಗೆ ಒಂದೇ ಸಲ ಎಂಬ ಕಟ್ಟುಪಾಡಿನಲ್ಲಿ ಬಳಸಿದ್ದಾರೆ. ಅದು ಕೇಳಿಸಿತೆಂದರೆ, ಮತ್ತೆ ಜೋಡಿಸಲಾಗದಂತೆ ಒಂದು ಸಂಬಂಧ ಮುರಿಯಿತು ಎಂದು ಗುರುತು ಹಾಕಿಕೊಳ್ಳಿ.

ಹಂತ 6: ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು

ದಿನಕ್ಕೆ ಎರಡು ಕಂತು, ಹೆಚ್ಚೆಂದರೆ ಮೂರು. ಸೀಸನ್ ಮುಗಿದ ಮೇಲೆ ಒಂದೆರಡು ದಿನ ಬಿಡುವು. ಹೀಗೆ ಮಾಡಿದರೆ ಆರೇಳು ವಾರದಲ್ಲಿ ಮುಗಿಯುತ್ತದೆ.

ಅದಕ್ಕಿಂತ ಮುಖ್ಯವಾದದ್ದು 11ನೇ ಕಂತಿನ ನಿಯಮ. ಮೊದಲ ಐದೂ ಸೀಸನ್‌ಗಳಲ್ಲಿ ಅತಿ ಭಾರದ ಏಟು ಬೀಳುವುದು 11ನೆಯದರಲ್ಲಿ, 12ನೆಯದು ಆ ಏಟಿನ ನಂತರದ ಉಸಿರು. 11 ನೋಡಿ ಮಲಗಲು ಹೋದರೆ ನಿದ್ದೆ ಬರುವುದಿಲ್ಲ. ಆ ದಿನ 10ಕ್ಕೆ ನಿಲ್ಲಿಸಿ, ಮಾರನೇ ದಿನ 11 ಮತ್ತು 12 ಎರಡನ್ನೂ ಒಟ್ಟಿಗೆ ನೋಡಿ, ಸುಮಾರು ಐವತ್ತು ನಿಮಿಷ ಎತ್ತಿಟ್ಟುಕೊಂಡು. ನಾಲ್ಕನೇ ಸೀಸನ್‌ನಲ್ಲಿ ಈ ಜೋಡಿ ಚೆನ್ನಾಗಿ ಕೂಡುತ್ತದೆ. ಮೂರನೆಯದು ಮಾತ್ರ ಅಪವಾದ, ಅಲ್ಲಿ 12ನೆಯದೂ ಹಗುರವಲ್ಲ, ಬಿಡುವು ಎರಡು ದಿನ ಹೆಚ್ಚಿಗೆ ಇರಲಿ. ಆರನೇ ಸೀಸನ್‌ನಲ್ಲಿ ಜೋಡಿ 15 ಮತ್ತು 16.

ಆರನೇ ಸೀಸನ್ ಎರಡು ಭಾಗವಾಗಿ ಬಂತು, ಎಂಟು ಕಂತು 2019ರ ಅಕ್ಟೋಬರ್‌ನಲ್ಲಿ, ಎಂಟು 2020ರ ಜನವರಿಯಲ್ಲಿ. ಈಗ ಒಟ್ಟಿಗೇ ಸಿಗುತ್ತವೆ. ಆದರೂ 8ರ ಹತ್ತಿರ ನಿಲ್ಲಿಸಿ. ಮುಖ್ಯ ಪಾತ್ರ ಒಂದೂ ಇಲ್ಲದ ಕಂತು ಅದು. ಬೋಜ್ಯಾಕ್‌ನಿಂದ ಪೆಟ್ಟು ತಿಂದವರು ಈಗ ಎಲ್ಲಿದ್ದಾರೆ ಎಂದು ತೋರಿಸುತ್ತದೆ, ಅಂದರೆ ನಿಮ್ಮ ಮೂರನೇ ಕಾಲಮ್ಮೇ ಎದ್ದು ಬಂದಂತೆ. ಅದನ್ನು ಓದಿಕೊಂಡು ಮುಂದೆ ಹೋಗಿ.

ಹಂತ 7: ಬೇರೆ ಥರದ ಕಂತುಗಳಿಗೆ ಬೇರೆ ತಯಾರಿ

ಮೂರನೇ ಸೀಸನ್, 4ನೇ ಕಂತು. ಸಮುದ್ರದಡಿಯ ನಗರ, ಮಾತು ಬಹುಪಾಲು ಇಲ್ಲವೇ ಇಲ್ಲ. ಫೋನ್ ದೂರ ಇಡಿ. ಇದನ್ನು ಕಥೆ ಗೊತ್ತಿಲ್ಲದವರಿಗೂ ತೋರಿಸಬಹುದು, ಇಂಗ್ಲಿಷ್ ಬಾರದವರಿಗೂ. ಕೊನೆಯ ನಿಮಿಷದಲ್ಲಿರುವ ತಮಾಷೆ ತಪ್ಪಿಸಿಕೊಳ್ಳಬೇಡಿ.

ನಾಲ್ಕನೇ ಸೀಸನ್, 1ನೇ ಕಂತು. ಬೋಜ್ಯಾಕ್ ಇಲ್ಲ. ತಪ್ಪು ಕಂತು ಹಾಕಿದ್ದೇವೆ ಎಂದುಕೊಳ್ಳುವವರುಂಟು. ಅವನಿಲ್ಲದೆ ಉಳಿದವರು ಹೇಗಿದ್ದಾರೆ ಎಂದು ತೋರಿಸುವುದೇ ಉದ್ದೇಶ. 2ನೇ ಕಂತಿನಲ್ಲಿ ವರ್ತಮಾನ ಮತ್ತು 1940ರ ದಶಕ ಒಂದೇ ಮನೆಯಲ್ಲಿ, ಒಂದೇ ಚೌಕಟ್ಟಿನಲ್ಲಿ ಬೆರೆಯುತ್ತವೆ. ಗೊಂದಲವಾದರೆ ಹತ್ತು ಸೆಕೆಂಡ್ ಹಿಂದೆ ಹೋಗಿ. 6ನೆಯದರಲ್ಲಿ ಬೋಜ್ಯಾಕ್‌ನ ತಲೆಯೊಳಗಿನ ದನಿ ಅವನಿಗೇ ಬೈಯುತ್ತಲೇ ಇರುತ್ತದೆ, ಚಿತ್ರವೂ ಆಗ ಗೀಚಿದಂತಾಗುತ್ತದೆ. ಅವನಿಗೆ ಎದುರಾಗಿ ಈ ಸೀಸನ್‌ಗೆ ಬರುವ ಹಾಲಿಹಾಕ್ ಎಂಬ ಹುಡುಗಿಯ ದನಿ ಭಾರತೀಯ ಮೂಲದ ಹಾಸ್ಯಗಾರ್ತಿ ಅಪರ್ಣಾ ನಾಂಚೆರ್ಲಾ ಅವರದು.

ಐದನೇ ಸೀಸನ್, 6ನೇ ಕಂತು, ‘ಫ್ರೀ ಚುರೋ’. ಶುರುವಿನ ಚಿಕ್ಕ ದೃಶ್ಯ ಬಿಟ್ಟರೆ ಕಂತಿಡೀ ಬೋಜ್ಯಾಕ್‌ನ ಒಂದೇ ಭಾಷಣ, ಶವಪೆಟ್ಟಿಗೆಯ ಪಕ್ಕ ನಿಂತು. ಒಬ್ಬನೇ ಮಾತಾಡುವ ಇಂಥದ್ದನ್ನು ಮಾನೊಲಾಗ್ ಎನ್ನುತ್ತಾರೆ. ತಟ್ಟೆ ಹಿಡಿದು ನೋಡುವ ಕಂತಲ್ಲ. ಸಬ್‌ಟೈಟಲ್ ಓದುತ್ತಾ ಕೂತರೆ ಅವನ ಮುಖ ತಪ್ಪುತ್ತದೆ, ಹಾಗಾಗಿ ಎರಡು ಸಲ ನೋಡಿ, ಎರಡನೇ ಸಲ ಸಬ್‌ಟೈಟಲ್ ಇಲ್ಲದೆ. ನನ್ನ ಲೆಕ್ಕದಲ್ಲಿ ಇಡೀ ಧಾರಾವಾಹಿಯ ಅತ್ಯುತ್ತಮ ಬರವಣಿಗೆ ಇದೇ. ಹಾಗೆಂದು ಮೊದಲು ಇದನ್ನೇ ನೋಡಿದರೆ ಒಬ್ಬ ಹರಟೆಮಲ್ಲನ ಗೊಣಗಾಟದಂತೆ ಕೇಳಿಸುತ್ತದೆ.

ಆರನೇ ಸೀಸನ್, 10ನೇ ಕಂತು. ಡಯಾನ್ ಪುಸ್ತಕ ಬರೆಯಲು ಒದ್ದಾಡುವುದು. ಬರೆಯುವ ಅಭ್ಯಾಸವಿರುವವರು ಇದನ್ನು ಗುರುತು ಹಾಕಿಟ್ಟುಕೊಳ್ಳಿ.

ಹಂತ 8: ಯಾವ ಕಂತು ಯಾರಿಗೆ ಕಷ್ಟ

ಮನೆಯಲ್ಲಿ ಮರೆಗುಳಿ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುತ್ತಿದ್ದರೆ 4ನೇ ಸೀಸನ್‌ನ 11ನೆಯದನ್ನು ಒಬ್ಬರೇ ನೋಡಬೇಡಿ. ಆ ಕಂತು ರೋಗಿಯ ತಲೆಯೊಳಗಿಂದ ಕಾಣುವಂತೆ ಬರೆದದ್ದು, ಮುಖಗಳೇ ಅಳಿಸಿಹೋಗಿರುತ್ತವೆ. ಗರ್ಭಪಾತದ ನೋವು ಕಂಡವರಿಗೆ ಅದೇ ಸೀಸನ್‌ನ 9ನೆಯದು. ಕುಡಿತ ಬಿಡುವ ಪ್ರಯತ್ನದಲ್ಲಿರುವವರಿಗೆ 3ನೇ ಸೀಸನ್‌ನ 11ನೆಯದು ಮತ್ತು 5ನೇ ಸೀಸನ್‌ನ ಕೊನೆಯ ಅರ್ಧ. ಆತ್ಮಹತ್ಯೆಯ ಮಾತು ಹಲವು ಕಡೆ ಸುಳಿಯುತ್ತದೆ, 6ನೇ ಸೀಸನ್‌ನ 15ನೆಯದರಲ್ಲಿ ಎದುರಿಗೇ ಬಂದು ನಿಲ್ಲುತ್ತದೆ. ಅಪ್ರಾಪ್ತ ವಯಸ್ಸಿನವರನ್ನು ಒಳಗೊಂಡ ಅಹಿತಕರ ಸನ್ನಿವೇಶ 2ನೇ ಸೀಸನ್‌ನ 11ನೆಯದರಲ್ಲಿದೆ.

ನೋಡುತ್ತಾ ‘ಇದು ನನ್ನದೇ ಕಥೆ’ ಎನಿಸಿ, ಆ ಭಾರ ಮಾರನೇ ದಿನವೂ ಇಳಿಯದಿದ್ದರೆ ಧಾರಾವಾಹಿ ನಿಲ್ಲಿಸಿ ಯಾರ ಹತ್ತಿರವಾದರೂ ಮಾತಾಡಿ. ಭಾರತದಲ್ಲಿ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಹಂತ 9: ಮುಗಿದ ಮೇಲೆ

ಕೊನೆಯ ಕಂತು ನೋಡಿ ‘ಇಷ್ಟೇನಾ?’ ಎನ್ನುವವರು ಹೆಚ್ಚು. ಶಿಕ್ಷೆಯೋ ಬಿಡುಗಡೆಯೋ ಯಾವುದೋ ಒಂದು ದೊಡ್ಡದಾಗಿ ನಡೆಯಬೇಕಿತ್ತು ಎಂಬ ನಿರೀಕ್ಷೆ ಅದಕ್ಕೆ ಕಾರಣ. ಆ ಕಂತು ಬೋಜ್ಯಾಕ್ ಒಬ್ಬೊಬ್ಬರ ಜೊತೆ ಆಡುವ ನಾಲ್ಕು ಮಾತುಕತೆಗಳ ಸುತ್ತ ಕಟ್ಟಿದ್ದು. ಪ್ರತಿಯೊಂದರಲ್ಲೂ ಎದುರಿನವರು ಅವನಿಗೆ ಇನ್ನೆಷ್ಟು ಜಾಗ ಕೊಡಲು ತಯಾರಿದ್ದಾರೆ ಎಂಬುದನ್ನು ಅಳೆಯಿರಿ. ನಾಲ್ವರ ಉತ್ತರವೂ ಒಂದೇ ಅಲ್ಲ. ಅವನನ್ನು ಕ್ಷಮಿಸಿದರೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನಿಮ್ಮ ಹತ್ತಿರ ಒಂದು ಪದದ ಉತ್ತರ ಇರಬಾರದು, ಇದ್ದರೆ ಆ ಕಂತನ್ನು ಇನ್ನೊಮ್ಮೆ ನೋಡಿ.

ಮರುವೀಕ್ಷಣೆಗೆ ಪೂರ್ತಿ 77 ಬೇಡ. ಮೊದಲ ಸೀಸನ್‌ನ 1, 3, 8, 11, ಎರಡನೆಯದರ 11, ಮೂರನೆಯದರ 10, ಆರನೆಯದರ 8 ಮತ್ತು 12, ಇಷ್ಟು ಸಾಕು, ಸುಮಾರು ಮೂರೂವರೆ ಗಂಟೆ. ಮೊದಲ ಕಂತು ಶುರುವಾಗುವುದೇ ಟಿವಿ ಸಂದರ್ಶನವೊಂದಕ್ಕೆ ಬೋಜ್ಯಾಕ್ ಕುಡಿದು ಬರುವುದರಿಂದ. ಅದನ್ನೂ ಆರನೇ ಸೀಸನ್‌ನ 12ನೆಯದನ್ನೂ ಒಂದೇ ದಿನ ಹಿಂದೆಮುಂದೆ ಹಾಕಿ ನೋಡಿ: ಎರಡರಲ್ಲೂ ಅವನ ಕಣ್ಣು ಎಲ್ಲಿದೆ, ಪ್ರಶ್ನೆ ಕೇಳುವವರ ಮೇಲೋ, ನೋಡುತ್ತಿರುವ ಜನರ ಮೇಲೋ.